ಹೊಸ ಭಟ್ಟಿಗೆ ಮೊದಲ ಬೆಂಕಿ: ಹಸಿ ಆರುವ ತನಕ ಅವಸರ ಬೇಡ

ಬೆಂಗಳೂರಿನ ಕನಕಪುರ ರಸ್ತೆ ಕಡೆ ಇರುವ ನಮ್ಮ ಮನೆಯ ಹಿತ್ತಲಲ್ಲಿ ಕಳೆದ ವರ್ಷ ಜನವರಿ ಕೊನೆಯಲ್ಲಿ ಒಂದು ಸೌದೆ ಭಟ್ಟಿ ಕಟ್ಟಿಸಿದೆವು. ಬ್ರೆಡ್ಡು, ಬನ್ನು, ಪಿಜ್ಜಾ ಮಾಡುವಂಥ ಗುಮ್ಮಟದ ಭಟ್ಟಿ. ಮೇಸ್ತ್ರಿ ಕೊನೆಯ ಇಟ್ಟಿಗೆ ಕೂರಿಸಿ, ಕರಣೆ ತೊಳೆದುಕೊಂಡು, ಗುಮ್ಮಟದ ಬೆನ್ನಿಗೆ ಅಂಗೈ ಇಟ್ಟು ಹೇಳಿದರು: "ಸಾರ್, ಇನ್ನೂ ಹಸಿ ಇದೆ. ಅವಸರ ಮಾಡ್ಬೇಡಿ."

ಅವರು ಹೇಳದಿದ್ದರೂ ನಾನು ಅವಸರ ಮಾಡುತ್ತಿರಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಭಾವನ ಮನೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡಿದ್ದೆ. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಹೊಸ ಭಟ್ಟಿಯಲ್ಲೇ ಏನಾದರೂ ಬೇಯಿಸಿ ಕೊಡಬೇಕು ಅಂತ ಅವರಿಗೆ ಆಸೆ. ಕಟ್ಟಿ ಮುಗಿದು ನಾಲ್ಕೇ ದಿನ ಆಗಿತ್ತು. ಬೆಳಿಗ್ಗೆ ಬೆಂಕಿ ಹಾಕಿದರು, ಹನ್ನೊಂದು ಗಂಟೆಗೆಲ್ಲ ಸೌದೆ ತುಂಬಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಟ್, ಪಟ್ ಅಂತ ಸದ್ದು. ಆಮೇಲೆ ಒಂದು ದೊಡ್ಡ ಸದ್ದು. ಗುಮ್ಮಟದ ಒಳಮೈಯಿಂದ ಅಂಗೈ ಅಗಲದ ಚಕ್ಕೆ ಎದ್ದು ಕೆಂಡದ ಮೇಲೆ ಬಿತ್ತು, ಕಿಡಿ ಬಾಯಿಂದ ಹೊರಗೆ ಹಾರಿತು. ಅದೃಷ್ಟಕ್ಕೆ ಎದುರಿಗೆ ಯಾರೂ ಇರಲಿಲ್ಲ. ಸಂಜೆ ತಣ್ಣಗಾದ ಮೇಲೆ ನೋಡಿದರೆ ಬಾಯಿಂದ ನೆತ್ತಿಯವರೆಗೆ ಬಿರುಕು. ನನ್ನ ಕಿರುಬೆರಳಿನ ತುದಿ ಅದರೊಳಗೆ ಹೋಗುತ್ತಿತ್ತು. ಆ ಭಟ್ಟಿಯನ್ನು ಒಡೆದು ಮತ್ತೆ ಕಟ್ಟಬೇಕಾಯಿತು.

ಅಲ್ಲಿ ಇಟ್ಟಿಗೆಯ ತಪ್ಪಿರಲಿಲ್ಲ, ಮೇಸ್ತ್ರಿಯ ತಪ್ಪೂ ಇರಲಿಲ್ಲ. ಇಟ್ಟಿಗೆ ಸಾವಿರ ಡಿಗ್ರಿ ತಡೆಯುವಂಥದ್ದು. ಭಟ್ಟಿಯನ್ನು ಒಡೆದದ್ದು ಒಳಗೆ ಸಿಕ್ಕಿಕೊಂಡಿದ್ದ ನೀರು.

ಇಷ್ಟೊಂದು ನೀರು ಎಲ್ಲಿಂದ ಬಂತು?

ಮುಟ್ಟಿದರೆ ಒಣಗಿದಂತೆ ಕಾಣುವ ಭಟ್ಟಿಯೊಳಗೆ ಎಷ್ಟು ನೀರಿರುತ್ತದೆ ಅಂತ ಒಂದು ಲೆಕ್ಕ ಹಾಕೋಣ. ಮನೆಗೆ ಸಾಕಾಗುವ ಚಿಕ್ಕ ಭಟ್ಟಿಗೆ 150 ಫೈರ್ ಬ್ರಿಕ್ (ಉರಿ ತಡೆಯುವ ಇಟ್ಟಿಗೆ) ಬೇಕು ಅಂತಿಟ್ಟುಕೊಳ್ಳಿ. ಒಂದೊಂದೂ ಮೂರೂವರೆ ಕೆಜಿ ಆಸುಪಾಸು. ಅಂದರೆ 525 ಕೆಜಿ. ಕಟ್ಟುವ ಮುಂಚೆ ಇಟ್ಟಿಗೆಯನ್ನು ನೀರಲ್ಲಿ ನೆನೆಸುತ್ತಾರೆ, ಇಲ್ಲದಿದ್ದರೆ ಅದು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ತನ್ನ ತೂಕದ ನೂರಕ್ಕೆ ಎಂಟು ಪಾಲು ನೀರು ಕುಡಿದಿದೆ ಅಂದುಕೊಂಡರೂ 42 ಲೀಟರ್ ಆಯಿತು. ಮನೆ ಬಾಗಿಲಿಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥ ಎರಡು ಕ್ಯಾನಿಗಿಂತ ಜಾಸ್ತಿ. ಇದು ಇಟ್ಟಿಗೆಯದ್ದು ಮಾತ್ರ. ಗಾರೆಯದ್ದು, ಕೆಳಗಿನ ಕಾಂಕ್ರೀಟಿನದ್ದು, ಶಾಖ ಹೊರಗೆ ಹೋಗದಿರಲಿ ಅಂತ ಮೇಲೆ ಹಚ್ಚುವ ವರ್ಮಿಕ್ಯುಲೈಟ್ (ಹಗುರವಾದ ಖನಿಜದ ಕಾಳು) ಪದರದ್ದು ಬೇರೆ. ವರ್ಮಿಕ್ಯುಲೈಟ್ ಅಂತೂ ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಈ ನೀರಲ್ಲಿ ಎರಡು ಬಗೆ. ಒಂದು, ಇಟ್ಟಿಗೆ ಮತ್ತು ಗಾರೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಸುಮ್ನೆ ಕೂತಿರುವ ನೀರು. ಇದು ಗಾಳಿಗೂ ಆರುತ್ತದೆ, ಆದರೆ ನಿಧಾನ. ಇನ್ನೊಂದು, ಸಿಮೆಂಟು ಗಟ್ಟಿಯಾಗುವಾಗ ಅದರ ಜೊತೆಗೇ ಬೆಸೆದುಕೊಂಡ ನೀರು. ಇದು ಬಿಸಿಲಿಗೆ ಹೋಗುವುದಿಲ್ಲ. ನೂರು ಡಿಗ್ರಿ ದಾಟಿದ ಮೇಲೆ ಹಂತ ಹಂತವಾಗಿ ಬಿಡುತ್ತಾ, ಮುನ್ನೂರು ಡಿಗ್ರಿ ಮುಟ್ಟುವ ಹೊತ್ತಿಗೆ ಹೆಚ್ಚುಪಾಲು ಹೋಗಿರುತ್ತದೆ. ಅದಕ್ಕೇ ಬಿಸಿಲಲ್ಲಿ ಎರಡು ತಿಂಗಳು ಒಣಗಿಸಿದ ಭಟ್ಟಿಗೂ ಸಣ್ಣ ಬೆಂಕಿಯ ದಿನಗಳು ತಪ್ಪುವುದಿಲ್ಲ.

ಈಗ ಕುಕ್ಕರ್ ನೆನಪು ಮಾಡಿಕೊಳ್ಳಿ. ಅನ್ನ ಇಟ್ಟು ವಿಶಲ್ ಬರುವಾಗ ಒಳಗೆ ಸುಮಾರು 120 ಡಿಗ್ರಿ ಇರುತ್ತದೆ. ಆಗ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡದ ಎರಡರಷ್ಟು. ಅಷ್ಟಕ್ಕೇ ಆ ಭಾರದ ವೆಯ್ಟು ಮೇಲಕ್ಕೆ ಎಗರುತ್ತದೆ. ಮುಚ್ಚಿದ ಜಾಗದಲ್ಲಿ ನೀರು 150 ಡಿಗ್ರಿಗೆ ಹೋದರೆ ಒತ್ತಡ ಹತ್ತಿರ ಹತ್ತಿರ ಐದು ಪಟ್ಟು. 200 ಡಿಗ್ರಿಗೆ ಹದಿನೈದು ಪಟ್ಟು ದಾಟುತ್ತದೆ. ಕುಕ್ಕರಿಗೆ ವಿಶಲ್ ಇದೆ, ಅದೂ ಕೆಟ್ಟರೆ ಸೇಫ್ಟಿ ವಾಲ್ವ್ ಇದೆ. ಇಟ್ಟಿಗೆಯ ರಂಧ್ರಕ್ಕೆ ಎರಡೂ ಇಲ್ಲ. ಆವಿ ಹೊರಗೆ ಬರಲು ಇರುವುದು ಕೂದಲೆಳೆಗಿಂತ ಸಣ್ಣ ದಾರಿಗಳು. ನಿಧಾನವಾಗಿ ಹುಟ್ಟಿದ ಆವಿ ಆ ದಾರಿಯಲ್ಲೇ ನುಸುಳಿ ಹೋಗುತ್ತದೆ. ಒಮ್ಮೆಗೇ ಹುಟ್ಟಿದರೆ ದಾರಿ ಸಾಲುವುದಿಲ್ಲ. ಆಗ ಚಕ್ಕೆ ಎಬ್ಬಿಸಿಕೊಂಡು ಹೊರಗೆ ಬರುತ್ತದೆ.

ಬಿರುಕಿಗೆ ಇನ್ನೊಂದು ಕಾರಣವೂ ಇದೆ. ಇಟ್ಟಿಗೆಯಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಜೋರಾಗಿ ಬೆಂಕಿ ಹಾಕಿದರೆ ಒಳಮೈ 300 ಡಿಗ್ರಿ ಆದಾಗಲೂ ಹೊರಮೈ ಕೈಗೆ ತಣ್ಣಗೇ ಇರುತ್ತದೆ. ಒಳಗಿನದು ಹಿಗ್ಗುತ್ತದೆ, ಹೊರಗಿನದು ಹಿಗ್ಗಿರುವುದಿಲ್ಲ. ಒಳಗಿನದು ಹೊರಗಿನದನ್ನು ದೂಡುತ್ತದೆ. ಇಟ್ಟಿಗೆ, ಗಾರೆ ಎಲ್ಲ ಭಾರ ಹೊರುವುದರಲ್ಲಿ ಗಟ್ಟಿ, ಎಳೆದರೆ ಸೋಲುತ್ತವೆ. ದಪ್ಪ ಗಾಜಿನ ಲೋಟಕ್ಕೆ ಕುದಿಯುವ ನೀರು ಸುರಿದರೆ ಚಟ್ ಅಂತ ಸೀಳುವುದು ಇದೇ ಕಾರಣಕ್ಕೆ.

ಕುಂಬಾರರಿಗೆ ಈ ಎರಡೂ ವಿಷಯ ತಲೆತಲಾಂತರದಿಂದ ಗೊತ್ತು. ನಮ್ಮೂರಿನ ಪಾಟರಿ ಟೌನಿನಲ್ಲಿ ಮಡಕೆ, ಹಣತೆ, ಗಣೇಶ ಮಾಡುವವರು ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಬೆಂಕಿ ಕೊಡುವಾಗ ಹತ್ತಿರ ಹೋಗಿ ನೋಡಿ. ಮೊದಲು ತುಂಬಾ ಹೊತ್ತು ಬರೀ ಹೊಗೆಯಾಡುವಷ್ಟೇ ಬೆಂಕಿ. ಮಣ್ಣಿನ ಹಸಿಯೆಲ್ಲ ಹೋಯಿತು ಅಂತ ಗೊತ್ತಾದ ಮೇಲೆ ಉರಿ ಏರಿಸುತ್ತಾರೆ. ಅವಸರ ಮಾಡಿದರೆ ಮಡಕೆ ಒಳಗೇ ಸಿಡಿದು ಪಕ್ಕದ ನಾಲ್ಕನ್ನೂ ಒಡೆಯುತ್ತದೆ.

ಹೊಸ ಕಾವಲಿ ಪಳಗಿಸುವ ಹಾಗೆ ಭಟ್ಟಿಯನ್ನೂ ಪಳಗಿಸಬೇಕು ಅಂತ ನಮ್ಮಲ್ಲಿ ಹೇಳುತ್ತಾರೆ. ಮಾತು ಚೆನ್ನಾಗಿದೆ, ಆದರೆ ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಕಾವಲಿಗೆ ಎಣ್ಣೆ ಕುಡಿಸುತ್ತೇವೆ. ಭಟ್ಟಿಗೆ ಏನನ್ನೂ ಕುಡಿಸುವುದಿಲ್ಲ, ಅದು ಕುಡಿದಿದ್ದನ್ನು ಬಿಡಿಸುತ್ತೇವೆ. ಒಳಗೆ ಎಣ್ಣೆ ಸವರಿದವರನ್ನು ನೋಡಿದ್ದೇನೆ. ಅದರಿಂದ ಹೊಗೆ ಮತ್ತು ಕಮಟು ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ನಮ್ಮ ಬಂಡೆ ಕಲ್ಲು ಭಟ್ಟಿಯೊಳಗೆ ಬೇಡ

ಕಲ್ಲಿನ ಭಟ್ಟಿ ಅಂದ ತಕ್ಷಣ ಬೆಂಗಳೂರಿನವರಿಗೆ ನೆನಪಾಗುವುದು ಸಾದರಹಳ್ಳಿ ಕಲ್ಲು. ಅಂಗಳಕ್ಕೆ, ಫುಟ್‌ಪಾತಿಗೆ, ಕಾಂಪೌಂಡಿಗೆ ಎಲ್ಲ ಕಡೆ ಅದೇ. ಗಟ್ಟಿ ಕಲ್ಲು, ಸುಲಭವಾಗಿ ಸಿಗುತ್ತದೆ. ಭಟ್ಟಿಯ ಕೆಳಗಿನ ಕಟ್ಟೆಗೆ, ಮುಂದಿನ ಚಪ್ಪಡಿಗೆ, ಸೌದೆ ಗೂಡಿಗೆ ಧಾರಾಳವಾಗಿ ಬಳಸಿ. ಆದರೆ ಉರಿ ತಗಲುವ ನೆಲಕ್ಕೆ, ಗುಮ್ಮಟದ ಒಳಮೈಗೆ ಬೇಡವೇ ಬೇಡ.

ಸಾದರಹಳ್ಳಿ ಕಲ್ಲು ಅಂದರೆ ಗ್ರಾನೈಟು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. 573 ಡಿಗ್ರಿಯಲ್ಲಿ ಬೆಣಚಿನ ಒಳರಚನೆಯೇ ಬದಲಾಗಿ ಅದು ದಿಢೀರನೆ ಹಿಗ್ಗುತ್ತದೆ. ಪಕ್ಕದ ಬೇರೆ ಕಣಗಳು ಅಷ್ಟು ಹಿಗ್ಗುವುದಿಲ್ಲ. ಅದಕ್ಕಿಂತ ಕಡಿಮೆ ಶಾಖದಲ್ಲೂ ಕಣಕಣದ ಹಿಗ್ಗುವಿಕೆ ಬೇರೆ ಬೇರೆ ಇರುವುದರಿಂದ ಕಲ್ಲು ಒಳಗೊಳಗೇ ಸಡಿಲಗೊಂಡು ಪದರ ಪದರವಾಗಿ ಏಳುತ್ತದೆ.

ಇದನ್ನು ನಮ್ಮ ಕಲ್ಲುಕುಟಿಗರು ಒಂದು ವಿದ್ಯೆಯನ್ನೇ ಮಾಡಿಕೊಂಡಿದ್ದರು. ಹಿಂದೆ ಬೆಂಗಳೂರಿನ ಸುತ್ತಮುತ್ತಲ ಬಂಡೆಗಳಲ್ಲಿ ಚಪ್ಪಡಿ ಎಬ್ಬಿಸಲು ಸಿಡಿಮದ್ದು ಹಾಕುತ್ತಿರಲಿಲ್ಲ. ಬಯಲು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಉದ್ದಕ್ಕೆ ಗೆರೆಯ ಹಾಗೆ ಹಚ್ಚುತ್ತಿದ್ದರು. ಮೇಲಿನ ಪದರ ಕಾದು ಹಿಗ್ಗಿ ಕೆಳಗಿನ ತಣ್ಣನೆಯ ಬಂಡೆಯಿಂದ ಬಿಟ್ಟುಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಬಿಟ್ಟುಕೊಂಡಿದೆ ಅಂತ ಖಾತ್ರಿಯಾದ ಮೇಲೆ ಬೆಂಕಿಯನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತಿದ್ದರು. ಹೀಗೆ ಸರಿಸುತ್ತಾ ಸರಿಸುತ್ತಾ ಇಡೀ ಮನೆಯ ಅಗಲದ ಹಾಳೆಯನ್ನೇ ಎಬ್ಬಿಸಿಬಿಡುತ್ತಿದ್ದರು. ಬೆಂಕಿಗೆ ನಮ್ಮ ಬಂಡೆ ಹೇಗೆ ಬಿಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಕ್ವಾರಿಯಲ್ಲಿ ಬೇಕಾದ ಗುಣ ಭಟ್ಟಿಯೊಳಗೆ ಅಪಾಯ. ನದಿ, ಕೆರೆಯಿಂದ ಆರಿಸಿ ತಂದ ಗುಂಡುಕಲ್ಲು ಇನ್ನೂ ಕೆಟ್ಟದ್ದು. ಅದರ ಸಂದಿಗಳಲ್ಲಿ ನೀರೂ ಇರುತ್ತದೆ.

ಹಾಗಾಗಿ ನೆಲಕ್ಕೂ ಗುಮ್ಮಟಕ್ಕೂ ಫೈರ್ ಬ್ರಿಕ್. ಜೋಡಿಸಲು ಫೈರ್ ಕ್ಲೇ (ಉರಿ ತಡೆಯುವ ಜೇಡಿಮಣ್ಣು) ಗಾರೆ ಅಥವಾ ಹೆಚ್ಚು ಶಾಖ ತಡೆಯುವ ರಿಫ್ರ್ಯಾಕ್ಟರಿ ಸಿಮೆಂಟು. ಮನೆ ಕಟ್ಟುವ ಮಾಮೂಲಿ ಸಿಮೆಂಟು 300 ಡಿಗ್ರಿ ದಾಟಿದ ಮೇಲೆ ಬಲ ಕಳೆದುಕೊಳ್ಳುತ್ತಾ ಹೋಗುತ್ತದೆ. 400 ದಾಟಿದರೆ ಅದರೊಳಗಿನ ಸುಣ್ಣದ ಭಾಗ ನೀರು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ತಣ್ಣಗಾದ ಮೇಲೆ ಗಾಳಿಯ ತೇವ ಹೀರಿ ಮತ್ತೆ ಉಬ್ಬುತ್ತದೆ, ಪುಡಿಯಾಗಿ ಉದುರುತ್ತದೆ. ಬ್ರೆಡ್ಡಿನ ಮೇಲೆ ಉದುರಿದರೆ ಯಾರು ತಿನ್ನುತ್ತಾರೆ? ಹೊರಗಿನ ಗೋಡೆಗೆ, ಕಟ್ಟೆಗೆ ಮಾಲೂರಿನ ಇಟ್ಟಿಗೆ, ಮಾಮೂಲಿ ಸಿಮೆಂಟು ಎಲ್ಲ ಆಗುತ್ತದೆ.

ಒಂದು ಮಾತು ಟೆರೇಸಿನ ಮೇಲೆ ಕಟ್ಟುವವರಿಗೆ. ಜನ ಓಡಾಡುವ ಸಮತಟ್ಟು ತಾರಸಿಗೆ ನಮ್ಮ ದೇಶದ ಕಟ್ಟಡ ನಿಯಮ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಹೆಚ್ಚುಕಮ್ಮಿ 150 ಕೆಜಿ. ಇಟ್ಟಿಗೆ ಭಟ್ಟಿ, ಅದರ ಕಟ್ಟೆ ಎಲ್ಲ ಸೇರಿ ಒಂದು ಟನ್ ಸುಲಭವಾಗಿ ದಾಟುತ್ತದೆ. ಎಂಜಿನಿಯರ್ ಬಂದು ತೊಲೆ ಎಲ್ಲಿದೆ ನೋಡಿ ಸರಿ ಅನ್ನುವ ತನಕ ಒಂದು ಇಟ್ಟಿಗೆಯನ್ನೂ ಮೇಲಕ್ಕೆ ಸಾಗಿಸಬೇಡಿ.

ಬೆಂಕಿಗೆ ಮುಂಚಿನ ದಿನಗಳು

ಕಟ್ಟಿ ಮುಗಿದ ಕೂಡಲೇ ಒಣಗಿಸಲು ಹೊರಡಬೇಡಿ. ಸಿಮೆಂಟಿರುವ ಗಾರೆ ಗಟ್ಟಿಯಾಗಲು ಮೊದಲು ತೇವ ಬೇಕು. ಒಂದೆರಡು ದಿನ ಒದ್ದೆ ಗೋಣಿಚೀಲ ಹೊದಿಸಿ ಇಡಿ. ಆಮೇಲೆ ಚೀಲ ತೆಗೆದು ಗಾಳಿಗೆ ಬಿಡಿ. ಸಿಮೆಂಟೇ ಇಲ್ಲದ ಬರೀ ಫೈರ್ ಕ್ಲೇ ಗಾರೆಗೆ ಈ ಗೋಣಿಚೀಲ ಬೇಡ.

ಎಷ್ಟು ದಿನ ಗಾಳಿಗೆ? ಇದು ಬೆಂಗಳೂರಿನಲ್ಲಿ ತಿಂಗಳ ಮೇಲೆ ನಿಂತಿದೆ. ಜನವರಿಯಿಂದ ಮಾರ್ಚ್ ನಮ್ಮಲ್ಲಿ ಒಣ ಹವೆ, ಎರಡು ಮೂರು ವಾರ ಸಾಕು. ಜೂನಿನಿಂದ ನವೆಂಬರ್ ತನಕ ಗಾಳಿಯಲ್ಲೇ ಪಸೆ ಇರುತ್ತದೆ. ಒಗೆದ ಬಟ್ಟೆಯೇ ಎರಡು ದಿನ ಒಣಗದಿದ್ದರೆ ನಾಲ್ಕೂವರೆ ಇಂಚಿನ ಇಟ್ಟಿಗೆ ಹೇಗೆ ಒಣಗುತ್ತದೆ? ಆಗ ತಿಂಗಳ ಮೇಲೇ ಇಡಿ. ಮೇಲೆ ತಗಡು ಹಾಕಿ ಅಥವಾ ಟಾರ್ಪಾಲನ್ನು ನಾಲ್ಕು ಕೋಲಿನ ಮೇಲೆ ಎತ್ತರಕ್ಕೆ ಕಟ್ಟಿ. ಭಟ್ಟಿಯ ಮೈಗೇ ಪ್ಲಾಸ್ಟಿಕ್ ಸುತ್ತಿದರೆ ಒಳಗಿನ ಹಸಿ ಒಳಗೇ ಉಳಿಯುತ್ತದೆ. ಸಾಧ್ಯವಾದರೆ ಭಟ್ಟಿ ಕಟ್ಟುವ ಕೆಲಸವನ್ನು ಸಂಕ್ರಾಂತಿ ಆದ ಮೇಲೆ ಶುರು ಮಾಡಿ ಅನ್ನುವುದು ನನ್ನ ಸಲಹೆ.

ಇನ್ನೊಂದು ಮುಖ್ಯವಾದ ವಿಷಯ. ಗುಮ್ಮಟದ ಹೊರಗಿನ ಕೊನೆಯ ಪ್ಲಾಸ್ಟರಿಂಗ್, ಪೇಂಟು, ಮೊಸಾಯಿಕ್ ಚೂರು ಅಂಟಿಸುವುದು, ಇವೆಲ್ಲ ಭಟ್ಟಿ ಪಳಗಿದ ಮೇಲೆ. ಮೊದಲೇ ಮಾಡಿದರೆ ಆವಿ ಹೋಗುವ ದಾರಿಗೆ ಬೀಗ ಹಾಕಿದ ಹಾಗೆ. ಶಾಖ ಹಿಡಿದಿಡುವ ಸೆರಾಮಿಕ್ ಫೈಬರ್ ಬ್ಲಾಂಕೆಟ್ ಮಾತ್ರ ಮೊದಲೇ ಹೊದಿಸಬಹುದು. ಅದರಿಂದ ಗುಮ್ಮಟ ಒಳಗೂ ಹೊರಗೂ ಒಂದೇ ಸಮ ಕಾಯಲು ಸಹಾಯವಾಗುತ್ತದೆ. ಅದನ್ನು ಕತ್ತರಿಸುವಾಗ ಎಳೆಗಳು ಗಾಳಿಯಲ್ಲಿ ತೇಲುತ್ತವೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಎನ್95 ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಬೇಕೇ ಬೇಕು.

ಸೌದೆಯನ್ನೂ ಈಗಲೇ ತಂದು ಒಣಗಿಸಿ. ಸರ್ವೆ, ಹುಣಸೆ, ಜಾಲಿ ಚೆನ್ನಾಗಿ ಉರಿಯುತ್ತವೆ. ಎರಡು ತುಂಡನ್ನು ಒಂದಕ್ಕೊಂದು ಬಡಿದರೆ ಟಣ್ ಅನ್ನಬೇಕು. ದಪ್ ಅಂದರೆ ಇನ್ನೂ ಹಸಿ. ಹಳೆಯ ಬಾಗಿಲು, ಪ್ಲೈವುಡ್, ಬಣ್ಣ ಬಳಿದ ಪೆಟ್ಟಿಗೆ ಯಾವುದನ್ನೂ ಹಾಕಬೇಡಿ. ಅವುಗಳ ಬಣ್ಣ, ಅಂಟು ಎಲ್ಲ ಹೊಗೆಯಾಗಿ ಇಟ್ಟಿಗೆಗೆ, ಆಮೇಲೆ ಊಟಕ್ಕೆ ಸೇರುತ್ತವೆ. ರಸ್ತೆ ಬದಿಯಲ್ಲಿ ಕಡಿದು ಹಾಕಿದ ಕೊಂಬೆ ಅಂತ ಎತ್ತಿಕೊಂಡು ಬರುವಾಗ ಹುಷಾರು. ನಮ್ಮೂರಿನ ಪಾರ್ಕುಗಳಲ್ಲಿ, ರಸ್ತೆ ಮಧ್ಯದ ಡಿವೈಡರ್‌ಗಳಲ್ಲಿ ಕಣಗಿಲೆ ಜಾಸ್ತಿ. ಕಣಗಿಲೆಯ ಕಟ್ಟಿಗೆಯೂ ವಿಷ, ಹೊಗೆಯೂ ವಿಷ.

ಸಣ್ಣ ಬೆಂಕಿಯ ವಾರ

ನಮ್ಮ ಭಟ್ಟಿಗೆ ಮೊದಲ ಶಾಖ ಕೊಟ್ಟದ್ದು ಇದ್ದಿಲಿನಿಂದ. ಹಳೆಯ ಕಬ್ಬಿಣದ ಬಾಣಲೆಯಲ್ಲಿ ನಾಲ್ಕು ಹಿಡಿ ಇದ್ದಿಲು ಹಾಕಿ, ಹೊರಗೇ ಹೊತ್ತಿಸಿ, ಹೊಗೆ ನಿಂತು ಕೆಂಪಗಾದ ಮೇಲೆ ಭಟ್ಟಿಯ ನಡುಮಧ್ಯ ಇಟ್ಟೆ. ಗೋಡೆಗೆ ಒತ್ತಿ ಇಡಬಾರದು, ಒಂದೇ ಕಡೆ ಕಾಯುತ್ತದೆ. ಬಾಗಿಲು ತೆಗೆದೇ ಇತ್ತು, ಚಿಮಣಿಯೂ ಪೂರ್ತಿ ತೆರೆದಿತ್ತು. ಇದ್ದಿಲು ಕಂದುತ್ತಿದ್ದಂತೆ ಇನ್ನೊಂದು ಹಿಡಿ. ಹೀಗೆ ಏಳೆಂಟು ಗಂಟೆ. ಒಳಗಿನ ನೆತ್ತಿಯ ಶಾಖ 70ರಿಂದ 90 ಡಿಗ್ರಿಯೊಳಗೇ ಇರುವಂತೆ ನೋಡಿಕೊಂಡೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದಕ್ಕೇ ನೂರು ಅಂತ ಕಾಯದೆ ತೊಂಬತ್ತಕ್ಕೇ ಕೈ ಬಿಗಿ ಹಿಡಿದೆ. ಎರಡನೇ ದಿನವೂ ಅಷ್ಟೇ.

ಶಾಖ ನೋಡಲು ನಮ್ಮೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಸಾಕು. ಕೊಳ್ಳುವಾಗ ಎಷ್ಟು ಡಿಗ್ರಿ ತನಕ ಅಳೆಯುತ್ತದೆ ಕೇಳಿ. 380ಕ್ಕೇ ನಿಲ್ಲುವಂಥವು ಇವೆ, 550ರ ತನಕ ಹೋಗುವುದನ್ನು ತೆಗೆದುಕೊಳ್ಳಿ. ಜ್ವರ ನೋಡುವ ಗನ್ ಇದಕ್ಕೆ ಬರುವುದಿಲ್ಲ. ಒಂದು ಎಚ್ಚರ: ಗನ್ ತೋರಿಸುವುದು ಮೇಲ್ಮೈಯ ಶಾಖ ಮಾತ್ರ. ಇಟ್ಟಿಗೆಯ ಒಡಲಲ್ಲಿ ಎಷ್ಟಿದೆ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದು ಭಟ್ಟಿಯ ಬೆನ್ನಿನ ಮೇಲಿಟ್ಟ ನಿಮ್ಮ ಅಂಗೈ.

ಮೂರನೇ ದಿನ ಸೌದೆ. ಹೆಬ್ಬೆರಳು ದಪ್ಪದ ಸೀಳು, ಐದಾರು ಮಾತ್ರ. ಪುರಲೆ, ಒಣ ತೆಂಗಿನ ಗರಿಯಿಂದ ಹೊತ್ತಿಸಿದೆ. ಸೀಮೆಎಣ್ಣೆ, ಪೆಟ್ರೋಲು ಹತ್ತಿರವೂ ಸುಳಿಯಬಾರದು. ಗುಮ್ಮಟದೊಳಗೆ ಅದರ ಆವಿ ತುಂಬಿಕೊಂಡು ಕಡ್ಡಿ ಗೀರಿದಾಗ ಭಗ್ ಅಂತ ಬಾಯಿಂದ ಹೊರಗೆ ಬರುತ್ತದೆ, ಹೊತ್ತಿಸುವವರ ಮುಖಕ್ಕೇ. ಉರಿಯ ನಾಲಿಗೆ ನೆತ್ತಿ ಮುಟ್ಟದ ಹಾಗೆ ಇಟ್ಟುಕೊಂಡು 120ರಿಂದ 150 ಡಿಗ್ರಿ.

ಆ ದಿನ ಮಧ್ಯಾಹ್ನ ಕಂಡದ್ದನ್ನು ನಾನು ಮರೆಯುವುದಿಲ್ಲ. ಗುಮ್ಮಟದ ಹೊರಗೆ, ಹಿಂದಿನ ಬದಿಯಲ್ಲಿ, ಬ್ಲಾಂಕೆಟ್ ಮುಗಿಯುವ ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಕಡುವಾಯಿತು. ಮೊದಲು ರೂಪಾಯಿ ಅಗಲ, ಆಮೇಲೆ ತಟ್ಟೆಯಗಲ. ಮುಟ್ಟಿದರೆ ಒದ್ದೆ. ಒಂದು ತಿಂಗಳು ಬಿಸಿಲಲ್ಲಿ ನಿಂತಿದ್ದ ಭಟ್ಟಿ ಬೆವರುತ್ತಿತ್ತು! ಸ್ವಲ್ಪ ಹೊತ್ತಿಗೆ ಅದೇ ಜಾಗದಿಂದ ಕಾಫಿ ಲೋಟದ ಮೇಲೆ ಏಳುವಂಥ ತೆಳು ಹಬೆ. ಒಳಗಿನ ಶಾಖ ನೀರನ್ನು ಹೊರಮೈಗೆ ದೂಡಿಕೊಂಡು ಬಂದಿತ್ತು. ಹಬೆ ಕಂಡಾಗ ಮಾಡಬೇಕಾದದ್ದು ಒಂದೇ: ಸೌದೆ ಜಾಸ್ತಿ ಮಾಡಬಾರದು. ಆ ಶಾಖದಲ್ಲೇ ನಿಲ್ಲಿಸಿ ಹಬೆ ನಿಲ್ಲುವ ತನಕ ಕಾಯಬೇಕು. ನಮ್ಮದು ನಿಲ್ಲಲು ಮಾರನೆಯ ದಿನ ಸಂಜೆ ಆಯಿತು. ಹೀಗಾಗಿ ನಾಲ್ಕನೇ ದಿನವೂ 150ರಲ್ಲೇ ಕಳೆಯಿತು. ದಿನದ ಲೆಕ್ಕ ಹಿಡಿದು ಬೆಂಕಿ ಏರಿಸುವವರು ಎಡವುವುದು ಇಲ್ಲೇ. ಪಟ್ಟಿಯಲ್ಲಿ ನಾಲ್ಕನೇ ದಿನ 200 ಅಂತ ಇದೆ ಅಂದುಕೊಂಡು, ಬೆವರುತ್ತಿರುವ ಭಟ್ಟಿಗೆ ಸೌದೆ ತುರುಕುತ್ತಾರೆ.

ಆಮೇಲೆ ದಿನಕ್ಕೆ 50 ಡಿಗ್ರಿಯಂತೆ ಏರಿಸಿದೆ. 200, 250, 300. ಪ್ರತಿ ದಿನ ಐದಾರು ಗಂಟೆ ಅದೇ ಶಾಖ ಉಳಿಸುವುದು ಮುಖ್ಯ. ಒಂದು ಗಳಿಗೆ 300 ಮುಟ್ಟಿಸಿ ಬಿಟ್ಟರೆ ಶಾಖ ಒಳಕ್ಕೆ ಇಳಿಯುವುದಿಲ್ಲ. ಸಂಜೆ ಕೆಂಡವನ್ನೆಲ್ಲ ಹೊರಗೆಳೆದು ಬಾಗಿಲನ್ನು ಒಂದು ಬೆರಳು ಸಂದಿ ಬಿಟ್ಟು ಮುಚ್ಚುತ್ತಿದ್ದೆ. ರಾತ್ರಿಯಿಡೀ ಶಾಖ ಇಟ್ಟಿಗೆಯಲ್ಲಿ ಹರಡಿಕೊಳ್ಳುತ್ತದೆ, ಆವಿಗೂ ದಾರಿ ಇರುತ್ತದೆ.

ಹಸಿ ಹೋಗಿದೆಯೇ ಅಂತ ನೋಡುವುದು ಹೇಗೆ? ಬೆಂಕಿ ಉರಿಯುವಾಗ ಬಾಯಿಗೆ ತಟ್ಟೆ ಹಿಡಿದು ಹನಿ ನೋಡುತ್ತಾರೆ ಕೆಲವರು. ಅದು ನಂಬುವಂಥದ್ದಲ್ಲ, ಯಾಕೆಂದರೆ ಉರಿಯುವ ಸೌದೆಯೇ ನೀರಾವಿ ಬಿಡುತ್ತದೆ. ನಾನು ಮಾಡಿದ್ದು ಹೀಗೆ: ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿನ ಒಳಮೈ ನೋಡುತ್ತಿದ್ದೆ. ಕೆಂಡ ಇಲ್ಲದ ಭಟ್ಟಿಯ ಬಾಗಿಲಲ್ಲಿ ಹನಿ ಇದ್ದರೆ ಅದು ಇಟ್ಟಿಗೆಯದ್ದೇ. ಜೊತೆಗೆ ಬ್ಲಾಂಕೆಟ್ ಇಲ್ಲದ ಕಡೆ, ಕೈಗೆ ಉಗುರುಬೆಚ್ಚಗೆ ಮಾತ್ರ ಇದ್ದ ಹೊರಮೈಗೆ, ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ರಾತ್ರಿ ಟೇಪು ಹಾಕಿ ಅಂಟಿಸಿ ಬೆಳಿಗ್ಗೆ ತೆಗೆದಿದ್ದೆ. ಆರನೇ ದಿನ ಬೆಳಿಗ್ಗೆ ಹಾಳೆಯ ಒಳಗೆ ಮಂಜಿನ ಹಾಗೆ ಹನಿ ಕಟ್ಟಿತ್ತು. ಎಂಟನೇ ದಿನ ಬೆಳಿಗ್ಗೆ ಹಾಳೆ ಒಣಗಿತ್ತು, ಬಾಗಿಲೂ ಒಣಗಿತ್ತು. ಆಗಲೇ ನಾನು ಮುಂದಕ್ಕೆ ಹೋಗುವ ಧೈರ್ಯ ಮಾಡಿದ್ದು.

ಈ ದಿನಗಳಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಗಾಬರಿ ಬೇಡ. ಬರುತ್ತವೆ. ಕಾಯುತ್ತಾ ತಣಿಯುತ್ತಾ ಸ್ವಲ್ಪ ತೆರೆದು ಮುಚ್ಚಿಕೊಳ್ಳುತ್ತವೆ, ಭಟ್ಟಿ ಇರುವ ತನಕ ಹಾಗೇ ಇರುತ್ತವೆ. ಎರಡು ರೂಪಾಯಿ ನಾಣ್ಯ ಅಂಚಿನಿಂದ ತೂರುವಷ್ಟು ಅಗಲವಾದರೆ, ಅಥವಾ ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ಕೆಳಗೆ ಇಳಿದರೆ ಬೆಂಕಿ ನಿಲ್ಲಿಸಿ, ಕಟ್ಟಿದವರನ್ನು ಕರೆಸಿ. ಪಟ್ ಅನ್ನುವ ಸದ್ದು ಕೇಳಿದರೂ ಅಷ್ಟೇ. ಸೌದೆ ಹಾಕುವುದು ನಿಲ್ಲಿಸಿ, ಪಕ್ಕಕ್ಕೆ ಸರಿದು, ತಾನಾಗೇ ತಣಿಯಲು ಬಿಡಿ. ಗಾಬರಿಯಲ್ಲಿ ನೀರು ಮಾತ್ರ ಎರಚಬೇಡಿ. ಕಾದ ಇಟ್ಟಿಗೆಗೆ ತಣ್ಣೀರು ಬಿದ್ದರೆ ಉಳಿದದ್ದೂ ಒಡೆಯುತ್ತದೆ, ಕುದಿಯುವ ಹಬೆ ನಿಮ್ಮ ಕೈಗೆ ಬಡಿಯುತ್ತದೆ.

ಸುತ್ತಲಿನವರ ಸುರಕ್ಷತೆ

ಮೊದಲ ವಾರ ಪೂರ್ತಿ ಭಟ್ಟಿಯ ಬಾಯಿಗೆ ಎದುರಾಗಿ ನಿಲ್ಲಬೇಡಿ. ಪಕ್ಕದಿಂದ ಸೌದೆ ಹಾಕಿ, ಕಣ್ಣಿಗೆ ಗಾಗಲ್ಸ್ ಇರಲಿ. ಚಕ್ಕೆ ಎದ್ದರೆ ಹಾರುವುದು ಬಾಯಿಂದಲೇ. ಬಾಯಿಯ ಮೇಲಿನ ಅರ್ಧದಲ್ಲಿ ಬಿಸಿಗಾಳಿ ಹೊರಗೆ ಬರುತ್ತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಗ್ಗಿ ಇಣುಕಿದರೆ ಹುಬ್ಬು ಸುಟ್ಟುಕೊಳ್ಳುತ್ತದೆ. ನೈಲಾನ್, ಪಾಲಿಸ್ಟರ್ ಬಟ್ಟೆ ಬೇಡ, ಹತ್ತಿ ಬಟ್ಟೆ ಹಾಕಿಕೊಳ್ಳಿ. ಸೆರಗು, ದುಪಟ್ಟಾ ಸಿಕ್ಕಿಸಿಕೊಳ್ಳಿ. ಮಕ್ಕಳಿಗೆ ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಇದರಾಚೆ ಬರಬಾರದು ಅಂತ ಹೇಳಿ. ನಮ್ಮ ಮನೆಯಲ್ಲಿ ಈ ಗೆರೆ ಚೆನ್ನಾಗಿ ಕೆಲಸ ಮಾಡಿತು. ಗ್ಯಾಸ್ ಸಿಲಿಂಡರ್, ಪ್ಲಾಸ್ಟಿಕ್ ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ಹಗ್ಗ, ತಲೆಮೇಲೆ ಇಳಿಬಿದ್ದ ಕೇಬಲ್ ಎಲ್ಲ ದೂರ ಇರಲಿ. ಕೈಗೆಟಕುವಂತೆ ಒಂದು ಬಕೆಟ್ ಮರಳು, ಒಂದು ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳಿ. ಕೈ ಮೀರಿದರೆ 101 ಅಥವಾ 112.

ಸುಟ್ಟರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಪೇಸ್ಟು, ತುಪ್ಪ, ಇಂಕು ಏನೂ ಹಚ್ಚಬೇಡಿ.

ಬೆಂಕಿಗಿಂತ ನನಗೆ ಹೆಚ್ಚು ಭಯ ಇರುವುದು ಕೆಂಡದ ಬಗ್ಗೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಆಗುತ್ತದೆ, ಮಂಪರು ಬರುತ್ತದೆ, ಮಲಗಿದವರು ಏಳುವುದೇ ಇಲ್ಲ. ಡಿಸೆಂಬರ್ ಚಳಿಗೆ ಬೆಚ್ಚಗಿರಲಿ ಅಂತ ಕೆಂಡದ ಬಾಣಲೆಯನ್ನು ಮುಚ್ಚಿದ ಕೋಣೆಗೆ, ಗಾಜು ಹಾಕಿದ ಬಾಲ್ಕನಿಗೆ ಎಂದೂ ತರಬೇಡಿ. ಹೊರಗೆಳೆದ ಕೆಂಡ, ಬೂದಿ ಮುಚ್ಚಳ ಇರುವ ಕಬ್ಬಿಣದ ಡಬ್ಬಕ್ಕೆ. ಮೇಲೆ ಬೆಳ್ಳಗೆ ತಣ್ಣಗೆ ಕಾಣುವ ಬೂದಿಯ ಅಡಿಯಲ್ಲಿ ಎರಡು ಮೂರು ದಿನವಾದರೂ ಕೆಂಡ ಜೀವ ಹಿಡಿದಿರುತ್ತದೆ. ಅದನ್ನು ಮರುದಿನ ಬೆಳಿಗ್ಗೆಯೇ ಕಸದ ಗಾಡಿಗೆ ಹಾಕಿದರೆ ಒಣ ಕಸದ ಮಧ್ಯೆ ಹೊತ್ತಿಕೊಳ್ಳುತ್ತದೆ. ಗಾಡಿಯ ಮೇಲೆ ನಿಂತು ಬರಿಗೈಯಲ್ಲಿ ಕಸ ಬೇರೆ ಮಾಡುವವರು ಇರುತ್ತಾರೆ. ನಾಲ್ಕು ದಿನ ಡಬ್ಬದಲ್ಲೇ ಬಿಟ್ಟು, ನೀರು ಚಿಮುಕಿಸಿ, ಗಿಡಗಳ ಬುಡಕ್ಕೆ ಸ್ವಲ್ಪ ಸ್ವಲ್ಪ ಹಾಕಿ.

ಮಸಿ ಬಿಳಿಯಾದ ದಿನ

ಒಂಬತ್ತನೇ ದಿನ ಮೊದಲ ಸಲ ದಪ್ಪ ಸೌದೆ ಹಾಕಿದೆ. ಅಷ್ಟು ದಿನದ ಸಣ್ಣ ಬೆಂಕಿಗೆ ಗುಮ್ಮಟದ ಒಳಗೆಲ್ಲ ಮಸಿ ಹಿಡಿದು ಕಾಡಿಗೆಯಂತೆ ಆಗಿತ್ತು. ಒಂದೂವರೆ ಗಂಟೆ ಆದ ಮೇಲೆ ನೆತ್ತಿಯಲ್ಲಿ ಒಂದು ಚುಕ್ಕೆ ಬಿಳುಚಿತು. ನೋಡನೋಡುತ್ತಿದ್ದಂತೆ ಅದು ಅಗಲವಾಗುತ್ತಾ ಪಕ್ಕೆಗೆ ಇಳಿಯಿತು. ಮಸಿ ಸುಟ್ಟುಹೋಗಿ ಇಟ್ಟಿಗೆಯ ನಿಜಬಣ್ಣ ಕಾಣತೊಡಗಿತು. ಗನ್ ಹಿಡಿದರೆ 380. ಮಸಿ ಬಿಡಲು ಹೆಚ್ಚುಕಮ್ಮಿ ಇಷ್ಟು ಶಾಖ ಬೇಕು, ಹಾಗಾಗಿ ಥರ್ಮಾಮೀಟರ್ ಇಲ್ಲದವರಿಗೂ ಇದೊಂದು ಗುರುತು. ಹೊರಗೆ ಬೆನ್ನಿಗೆ ಕೈ ಇಟ್ಟರೆ ಹಿತವಾದ ಬಿಸಿ, ಎಲ್ಲ ಕಡೆ ಒಂದೇ ಸಮ. ಹಬೆ ಇಲ್ಲ, ಕಲೆ ಇಲ್ಲ.

ಹೊರಗಿನ ಪ್ಲಾಸ್ಟರಿಂಗ್ ಮಾಡಿಸಿದ್ದು ಇದಾಗಿ ಒಂದು ವಾರಕ್ಕೆ. ಆ ಪ್ಲಾಸ್ಟರಿನ ಹಸಿ ಆರಲು ಮತ್ತೆ ಎರಡು ದಿನ ಸಣ್ಣ ಬೆಂಕಿ ಹಾಕಿದೆ. ಮಳೆಗಾಲ ಮುಗಿದ ಮೇಲೆ, ಅಥವಾ ಏಪ್ರಿಲ್ ಸಂಜೆಯ ದಿಢೀರ್ ಮಳೆಗೆ ಭಟ್ಟಿ ನೆಂದಾಗ, ಹೀಗೇ ಎರಡು ಮೂರು ದಿನ ಇದ್ದಿಲಿನಿಂದ ಶುರು ಮಾಡುತ್ತೇನೆ. ಇಟ್ಟಿಗೆ ಒಮ್ಮೆ ಪಳಗಿದ ಮಾತ್ರಕ್ಕೆ ನೀರು ಕುಡಿಯುವುದನ್ನು ಬಿಡುವುದಿಲ್ಲ.

ಆ ಸಣ್ಣ ಬೆಂಕಿಯ ದಿನಗಳ ಶಾಖವೂ ವ್ಯರ್ಥವಾಗಲಿಲ್ಲ. ಸಂಜೆ ಕೆಂಡ ಎಳೆದ ಮೇಲೆ ಅಮ್ಮ ಒಂದು ತಟ್ಟೆ ಕಡ್ಲೆಕಾಯಿ ಬೀಜ ಹರಡಿ ಒಳಗಿಡುತ್ತಿದ್ದರು. ಐದನೇ ದಿನ ನಾಲ್ಕು ಗೆಣಸು ಇಟ್ಟರು. ಒಂದೂವರೆ ಗಂಟೆ ಬಿಟ್ಟು ತೆಗೆದಾಗ ಸಿಪ್ಪೆ ಸುಕ್ಕಾಗಿ, ಅದರ ಬಿರುಕಿನಲ್ಲಿ ಪಾಕ ಜಿನುಗಿ ಗಟ್ಟಿಯಾಗಿತ್ತು. ಮೇಸ್ತ್ರಿ ಆ ಹೊತ್ತಿಗೆ ಬಾಕಿ ದುಡ್ಡಿಗೆ ಅಂತ ಬಂದಿದ್ದರು. ಗೆಣಸು ಕೈಯಲ್ಲಿ ಹಿಡಿದುಕೊಂಡೇ ಗುಮ್ಮಟದ ಹಿಂದೆ ಹೋಗಿ, ಮೂರನೇ ದಿನ ಬೆವರಿದ್ದ ಆ ಜಾಗಕ್ಕೆ ಅಂಗೈ ಇಟ್ಟು ನೋಡಿದರು. "ಇನ್ನೂ ಮೂರ್ ದಿನ ಸಾರ್," ಅಂದರು.